ದೊಡ್ಡಿಯ ಬೀಗವೂ ಎಳೆಯ ಹೋರಿಯೂ

ಪೈರು ಮೇಯ್ದ ದನಗಳನ್ನು ಕೂಡಿಹಾಕುವ ದೊಡ್ಡಿಯ ಬಾಗಿಲಿಗೆ ಒಂದು ಬೀಗವಿತ್ತು. ಎಂಥ ಬೀಗ ಅಂತೀರಿ! ಅದು ಕಟಕ್ಕೆಂದರೆ ಮೂರು ಹೋಬಳಿಯ ಗೂಳಿಗಳು ಬಾಯಲ್ಲಿದ್ದ ಮೇವನ್ನು ಬಿಟ್ಟು ನೆಟ್ಟಗೆ ನಿಲ್ಲುತ್ತಿದ್ದವು. ಕೊಂಬು ಮೂಡಿದವರು ಯಾರೇ ಬೇಲಿ ಹಾರಲಿ, ಐದು ವರ್ಷ ಒಳಗೆ, ಅದು ನಿಯಮ.

ಒಮ್ಮೆ ಕೆಂದ ಎಂಬ ಎಳೆಯ ಹೋರಿಯನ್ನು ಒಳಗೆ ತಳ್ಳಿದರು.

"ಬೀಗಮಾವ, ಕೊಂಬು ಮೂಡಿ ಇನ್ನೂ ವಾರವಾಗಿಲ್ಲ. ತಿಂದದ್ದು ಒಂದು ಬಾಯಿ ರಾಗಿ ಪೈರು. ಅವ್ವ ಕಾಯುತ್ತಾಳೆ," ಎಂದ ಕೆಂದ.

"ಮುದಿ ಗೂಳಿಗೂ ಐದೇ, ನಿನಗೂ ಐದೇ. ಮುಖ ನೋಡಿ ಮಣೆ ಹಾಕುವ ಜಾತಿ ನನ್ನದಲ್ಲ, ಮರಿ," ಎಂದಿತು ಬೀಗ.

ಅದು ನಿಜವೇ. ಹೊರಗೆ ನೇತಾಡುವ ಬೀಗಕ್ಕೆ ಒಳಗಿನವರ ಮುಖ ಕಾಣುವುದೇ ಇಲ್ಲ. ಆದರೆ ದನಿ ಕೇಳುತ್ತಿತ್ತು. ಮೊದಮೊದಲು ಸಣ್ಣಗಿದ್ದ 'ಅಂಬಾ' ಬರಬರುತ್ತ ಗಡುಸಾಯಿತು, ಕೊನೆಗೆ ನಿಂತೇಹೋಯಿತು. ಒಳಗೇನಾಗುತ್ತಿದೆಯೋ ಎಂದು ಬೀಗಕ್ಕೆ ಕುತೂಹಲ ತಡೆಯಲಾಗಲಿಲ್ಲ.

ಐದು ವರ್ಷ ತುಂಬಿದ ಬೆಳಿಗ್ಗೆ ಬೀಗ ತೆರೆಯಿತು. ಹೊರಗೆ ಅವ್ವ ನಿಂತಿದ್ದಳು. ಕೆಂದ ಓಡಿ ಬಂದ. ಅವನ ಕೊಂಬುಗಳು ಬಾಗಿಲಿನ ಎರಡೂ ಕಂಬಗಳಿಗೆ ಬಡಿದವು. ಬಗ್ಗಿದ, ಓರೆಯಾದ, ಏನು ಮಾಡಿದರೂ ತೂರಲಿಲ್ಲ.

ಬೀಗ ಅವನನ್ನು ಆಗಲೇ ಮೊದಲ ಸಲ ಕಂಡದ್ದು. "ಅಯ್ಯೋ, ನಾನು ಕೂಡಿಹಾಕಿದ್ದು ಕರುವನ್ನಲ್ಲವೆ? ನಾನಂತೂ ತೆರೆದೆನಪ್ಪ. ಮತ್ತೆ ನಿನ್ನನ್ನು ಹಿಡಿದಿರುವವರು ಯಾರು?"

"ನೀನು ಹೊರಗೆ ಕೂತು ಎಣಿಸಿದ ವರ್ಷಗಳೇ, ಮಾವ," ಎಂದ ಕೆಂದ. "ಒಳಗೆ ಅವು ನನ್ನ ತಲೆಯ ಮೇಲೆ ಬೆಳೆದವು."