ಹೊನ್ನೆ ಮರ ಕೆಂಪು ಸುರಿಸುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು, ಮಕ್ಕಳೇ. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಮರಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಆಗ ಹೊನ್ನೆ ಮರದ ಮೈಯೊಳಗೆ ಹರಿಯುತ್ತಿದ್ದದ್ದು ನೀರಿನಂಥ ತಿಳಿ ರಸ.

ಆ ಮರ ನಿಂತಿದ್ದ ಕಾಡು ಕೇತವ್ವ ಎಂಬವಳ ಮಂದಿಯದು. ಅವರಲ್ಲಿ ಒಂದು ಕಟ್ಟಳೆ ಇತ್ತು. ಒಂದೊಂದು ಕುಲಕ್ಕೂ ಒಂದೊಂದು ಮರ ನೆಂಟ. ನೆಂಟ ಮರಕ್ಕೆ ಕತ್ತಿ ಹಾಕುವಂತಿಲ್ಲ. ಅದರ ನೆರಳಲ್ಲೇ ಕೂಟ ಸೇರಬೇಕು. ಜಗಳವಾಗಲಿ, ಮದುವೆಯಾಗಲಿ, ಗೆಡ್ಡೆ ಅಗೆಯುವ ಜಾಗವಾಗಲಿ, ತೀರ್ಮಾನ ಅವರದ್ದೇ. ಯಾವ ದೊರೆಯನ್ನೂ ಕೇಳುತ್ತಿರಲಿಲ್ಲ. ಯಾಕೆ ಕೇಳಬೇಕು? ಕೇತವ್ವ ಹೊನ್ನೆಯ ಕುಲದವಳು. ಆ ಮರವನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು.

ಒಂದು ದಿನ ಬಯಲಿನಿಂದ ಒಬ್ಬ ಬಂದ. ಹೆಗಲ ಮೇಲೆ ಕೊಡಲಿ, ಹೊಟ್ಟೆಯಲ್ಲಿ ಹಸಿವು.

"ನಿನ್ನ ಮರ ಯಾವುದಪ್ಪಾ?" ಕೇತವ್ವ ಕೇಳಿದಳು.

"ನನಗೆ ಯಾವ ಮರಾನೂ ಇಲ್ಲ."

"ಅಯ್ಯೋ ಪಾಪವೇ!" ಅವಳ ಕರುಳು ಚುರುಕ್ ಅಂದಿತು. ಮರದ ನೆಂಟಸ್ತನ ಇಲ್ಲದವನೆಂದರೆ ಅವರ ಲೆಕ್ಕದಲ್ಲಿ ತಬ್ಬಲಿ. ಅವನ ಕೈ ಹಿಡಿದು ಹೊನ್ನೆಯ ಮೈಗೆ ತಾಗಿಸಿದಳು. "ಅಕ್ಕಾ, ಇವತ್ತಿಂದ ಇವನು ನಿನ್ನ ತಮ್ಮ."

"ಬೇಡ ಕಣೇ, ಅವನ ನೋಟ ಸರಿಯಿಲ್ಲ," ಅಂದಿತು ಗಾಳಿ.

"ಸುಮ್ನಿರು. ತಬ್ಬಲಿಗೆ ಇಲ್ಲ ಅನ್ನೋಕಾಗುತ್ತಾ?"

ಅವನು ಜೇನು ತಿಂದ, ಕಾಡುಗೆಣಸು ತಿಂದ, ಮೈಕೈ ತುಂಬಿಕೊಂಡ. ಆಮೇಲೆ ಒಂದು ಬೆಳಗ್ಗೆ ಎದ್ದು ನಿಂತು ಕೂಗಿದ: "ಮರ ನೀವೇ ಕೊಟ್ಟಿರಿ. ಮರ ನನ್ನದಾದ ಮೇಲೆ ಅದು ನಿಂತ ನೆಲ ನನ್ನದು. ಬೇರು ಹೋದಷ್ಟು ದೂರ ಕಾಡೂ ನನ್ನದು. ಎದ್ದು ನಡೀರಿ ಎಲ್ಲ!"

"ಥೂ! ಅಕ್ಕ ಅಂದ್ರೆ ಆಸ್ತಿಯೇನೋ?" ಕೇತವ್ವ ಕೆರಳಿದಳು. "ಬಾ, ಕೂಟದಲ್ಲಿ ಕೂತು ಮಾತಾಡು."

"ನಿಮ್ಮ ಕೂಟ ಯಾವ ಲೆಕ್ಕ ನನಗೆ!"

ನೋಡಿ ಸೊಕ್ಕು! ಉಂಡ ಮನೆಗೇ ದ್ರೋಹ ಬಗೆದ. ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಗುಡಿಸಲುಗಳನ್ನು ಕಿತ್ತೆಸೆದ. ಒಲೆಗಳನ್ನು ಒದ್ದ. ಗಡಿಯ ಗುರುತು ಮಾಡುತ್ತೇನೆ ಅಂತ ಕೊಡಲಿ ಎತ್ತಿ ಹೊನ್ನೆಗೇ ಹಾಕಿದ.

"ಲೋ ಪಾಪಿ, ಅಕ್ಕನಿಗೇ ಏಟಾ!" ಕೇತವ್ವ ಓಡಿಬಂದು ಮರವನ್ನು ತಬ್ಬಿಕೊಂಡಳು.

ಕಾಡೇ ನಡುಗುವ ಹಾಗೆ ಹೊನ್ನೆ ಗುಡುಗಿತು. "ಈ ನೆಲ ಇವಳ ಮಂದಿಯದು. ಬಾಯಲ್ಲಿ ಹೇಳಿದ್ದು ನಿನ್ನ ಕಿವಿಗೆ ಹೋಗಲಿಲ್ಲ. ಕಣ್ಣಿಗಾದರೂ ಕಾಣಲಿ!"

ಮರದ ಗಾಯದಿಂದ ತಿಳಿ ರಸದ ಬದಲು ಕೆಂಪು ಚಿಮ್ಮಿತು. ಅವನ ಕೈ ಕೆಂಪಾಯಿತು, ತೋಳು ಕೆಂಪಾಯಿತು. ಹೆದರಿ ಹೊಳೆಗೆ ಓಡಿದ.

"ನಾನು ತೊಳೆಯಲ್ಲ, ಹೋಗೋ!" ಅಂದು ಹೊಳೆ ಪಕ್ಕಕ್ಕೆ ಸರಿಯಿತು.

ಅವನು ಬಯಲಿಗೆ ಓಡಿಹೋದ. ಅವನಂಥವರು ಮಾತ್ರ ಮತ್ತೆ ಮತ್ತೆ ಬಂದರು. ಈಗಲೂ ಬರುತ್ತಾರೆ, ನಾಚಿಕೆಗೆಟ್ಟವರು. ಕೇತವ್ವನ ಮಂದಿಯೂ ನೆಲ ಬಿಡಲಿಲ್ಲ. ಅವನು ಓಡಿಹೋದ ದಿನವೇ ಆ ಮರದ ಕೆಳಗೆ ಕೂಟ ಸೇರಿದರು, ಕಿತ್ತ ಗುಡಿಸಲನ್ನು ಮತ್ತೆ ಕಟ್ಟಿದರು.

ಅದಕ್ಕೇ ಮಕ್ಕಳೇ, ಇವತ್ತಿಗೂ ಹೊನ್ನೆಗೆ ಕೊಡಲಿ ತಾಗಿದರೆ ನೆತ್ತರ ಹಾಗೆ ಕೆಂಪು ಸುರಿಯುತ್ತದೆ, ಕಡಿದವನ ಕೈಗೇ ಅಂಟಿಕೊಳ್ಳುತ್ತದೆ.