ಡಬ್ಬಿಗೆ ಮರೆಯಾಗಿ ನಿಂತ ಸ್ಯಾಂಡ್‌ವಿಚ್

ವಿಮಾನ ನಿಲ್ದಾಣದ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸ್ಯಾಂಡ್‌ವಿಚ್ ಬೆಳಗಿನಿಂದ ಕೂತು ಕೂತು ಸೊರಗಿತ್ತು. ಹಸಿದವರು ಬರುತ್ತಿದ್ದರು, ಬೆಲೆ ನೋಡಿ ಬೆಚ್ಚಿ ಹೋಗುತ್ತಿದ್ದರು. ಕೊನೆಗೆ ಪಂಕಜಮ್ಮ ಎಂಬ ಪ್ರಯಾಣಿಕರು ಅದನ್ನು ಕೊಂಡಾಗ, ‘ಸದ್ಯ, ಒಂದು ಹೊಟ್ಟೆಗಾದರೂ ಸೇರುತ್ತೇನೆ’ ಎಂದು ಅದು ನಿಟ್ಟುಸಿರು ಬಿಟ್ಟಿತು.

ಪಂಕಜಮ್ಮ ಅದನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟರು. ಆಮೇಲೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಚಿತ್ರಾನ್ನ ತಿನ್ನತೊಡಗಿದರು.

“ಡಬ್ಬಿಯಣ್ಣ, ಹಸಿವಿಗೆ ನೀನಿರುವಾಗ ಅಷ್ಟೊಂದು ದುಡ್ಡು ಸುರಿದು ನನ್ನನ್ನೇಕೆ ತಂದರು?” ಎಂದು ಸ್ಯಾಂಡ್‌ವಿಚ್ ಕೇಳಿತು.

“ನನಗೆ ಮರೆಯಾಗಿ ನಿಲ್ಲಲಿ ಎಂದು,” ಎಂದಿತು ಡಬ್ಬಿ. “ಇಂಥ ಕಡೆ ಮನೆಯ ಬುತ್ತಿ ಬಿಚ್ಚಿದರೆ ನೋಡಿದವರು ಏನೆಂದುಕೊಂಡಾರೋ ಎಂಬ ನಾಚಿಕೆ ಅವರಿಗೆ.”

ಸ್ಯಾಂಡ್‌ವಿಚ್ ದಣಿದ ಕಣ್ಣು ಹೊರಳಿಸಿತು. ಪಕ್ಕದ ಮೇಜಿನಲ್ಲಿ ಕೋಟು ತೊಟ್ಟವರೊಬ್ಬರ ಮುಂದೆ ಇನ್ನೊಂದು ಸ್ಯಾಂಡ್‌ವಿಚ್ ಹಾಗೇ ಕೂತಿತ್ತು. ಅದರ ಹಿಂದೆ ಅವರು ತಲೆ ತಗ್ಗಿಸಿ, ಮಡಿಲಲ್ಲಿದ್ದ ಚಪಾತಿ ಮುರಿಯುತ್ತಿದ್ದರು. ಅದರಾಚೆಯ ಮೇಜಿನಲ್ಲೂ ಇದೇ ಕಥೆ.

“ಇವರೆಲ್ಲ ಒಮ್ಮೆ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದ್ದರೆ ನಾವು ಯಾರಿಗೂ ಬೇಕಾಗುತ್ತಿರಲಿಲ್ಲವಲ್ಲ!” ಎಂದಿತು ಸ್ಯಾಂಡ್‌ವಿಚ್.

“ಮೆಲ್ಲಗೆ ಮಾತಾಡು,” ಎಂದಿತು ಪಕ್ಕದ ಸ್ಯಾಂಡ್‌ವಿಚ್. “ಅವರ ಕಿವಿಗೆ ಬಿದ್ದರೆ ನಾಳೆಯಿಂದ ನಮ್ಮನ್ನು ಕೊಳ್ಳುವವರೇ ಇರುವುದಿಲ್ಲ.”

ಅಷ್ಟರಲ್ಲಿ ವಿಮಾನದ ಕರೆ ಬಂತು. ಹೊಟ್ಟೆ ತುಂಬಿದವರೆಲ್ಲ ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು ಎದ್ದುಹೋದರು. ಮೇಜು ಮೇಜಿನ ಮೇಲೂ ಒಂದೊಂದು ಸ್ಯಾಂಡ್‌ವಿಚ್ ಉಳಿಯಿತು.

“ಕೊಳ್ಳುವವರೇನೋ ನಾಳೆಯೂ ಬರುತ್ತಾರೆ,” ಎಂದಿತು ನಮ್ಮ ಸ್ಯಾಂಡ್‌ವಿಚ್. “ತಿನ್ನುವವರು ಯಾವಾಗ ಬರುತ್ತಾರೆ?”