ಬನ್ನಿಮರದ ಗಂಟು

"ಗುರುಗಳೇ, ಯಾರಿಗೂ ಕೇಡು ಮಾಡದ ಸುಳ್ಳಿಗೂ ಪಾಪ ಅಂಟುತ್ತದೆಯೇ?" ಎಂದು ಮರುಳಯ್ಯ ಕೇಳಿದ.

ಅಂದು ಮಹಾನವಮಿಗೆ ಮುಂಚಿನ ಅಮಾವಾಸ್ಯೆ. ತೀರಿಹೋದವರಿಗೆ ಎಡೆ ಇಡುವ ದಿನ. ಮಠದಲ್ಲಿದ್ದ ಪ್ರತಿಯೊಬ್ಬರ ಹಿರಿಯರ ಹೆಸರಿನಲ್ಲೂ ಒಂದೊಂದು ಎಲೆ ಹಾಕುತ್ತಿದ್ದರು. ಮರುಳಯ್ಯನ ತಾಯಿಯ ಹೆಸರಿನಲ್ಲೂ ಪ್ರತಿವರ್ಷ ಒಂದು ಎಲೆ ಬೀಳುತ್ತಿತ್ತು. ಆದರೆ ಅವನ ತಾಯಿ ಸತ್ತಿರಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದವರನ್ನು ಮಾತ್ರ ಈ ಮಠದಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ದಾರಿಯಲ್ಲಿ ಯಾರೋ ಹೇಳಿದ್ದನ್ನು ನಂಬಿ, ಬಂದ ದಿನವೇ 'ತಾಯಿಯೂ ತೀರಿಕೊಂಡಳು' ಎಂದುಬಿಟ್ಟಿದ್ದ. ಅವನಿಗೆ ಓದು ಬೇಕಿತ್ತು, ಎರಡು ಹೊತ್ತಿನ ಅನ್ನ ಬೇಕಿತ್ತು. ಆಮೇಲೆ ನಿಜ ಹೇಳಲು ಬಾಯೇ ಬರಲಿಲ್ಲ. ಊರಿಗೆ ಹೋಗಲೂ ಇಲ್ಲ. ಇದೆಲ್ಲ ಯಾರಿಗೂ ಗೊತ್ತಿಲ್ಲವೆಂದು ಅವನು ತಿಳಿದಿದ್ದ.

ಗುರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಪಾಪಪುಣ್ಯದ ತೂಕ ನನಗೆ ಬರುವುದಿಲ್ಲಪ್ಪ, ಕತೆ ಬರುತ್ತದೆ. ಕೂತುಕೋ. ಕೈ ಖಾಲಿ ಇಟ್ಟುಕೊಂಡು ಕೂರಬೇಡ, ಈ ಹತ್ತಿ ಹಿಡಿ" ಎಂದರು. ಮರುಳಯ್ಯ ಹತ್ತಿ ಹಿಡಿದು ಕೂತ. ಗುರು ಹೇಳಿದ ಕತೆ ಇದು.

ಒಂದು ಬಯಲುಸೀಮೆಯ ಊರು. ಅಲ್ಲಿ ಒಬ್ಬ ಕುರಿಗಾಹಿ. ಅವನಿಗೆ ಇದ್ದದ್ದು ಒಬ್ಬ ಮುದಿ ತಾಯಿ, ಒಂದು ಹಿಂಡು ಕುರಿ. ಆ ವರ್ಷ ಬೇಸಗೆ ಬಂದದ್ದು ಹೋಗುವ ಹೆಸರೇ ಎತ್ತಲಿಲ್ಲ. ಹುಲ್ಲು ಹೋಯಿತು, ಬೇಲಿಯ ಸೊಪ್ಪೂ ಹೋಯಿತು. ಊರ ಹೊರಗಿನ ದಿಬ್ಬದ ಮೇಲೆ ಒಂದು ಬನ್ನಿಮರ ಮಾತ್ರ ಹಸಿರಾಗಿ ನಿಂತಿತ್ತು. ಬನ್ನಿಯ ಸ್ವಭಾವವೇ ಅದು. ಬೇರೆ ಮರಗಳು ಎಲೆ ಉದುರಿಸುವ ಹೊತ್ತಿಗೆ ಅದು ಚಿಗುರುತ್ತದೆ, ಕಾಯಿ ಬಿಡುತ್ತದೆ. ಅದರ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ, ಅಲ್ಲಿ ಏನನ್ನು ಕುಡಿಯುತ್ತದೆ ಎಂದು ನೋಡಿಬಂದವರು ಯಾರೂ ಇಲ್ಲ.

ಊರಿನ ಆಡು ಕುರಿಗಳೆಲ್ಲ ಆ ಮರದಡಿಗೇ ಬರತೊಡಗಿದವು. ಎಲ್ಲರೂ ಕೊಂಬೆ ಸವರಿದರು. ಎಲ್ಲರ ಹಿಂಡೂ ತಿಂದರೆ ಮರ ಬೇಗ ಬೋಳಾಗುತ್ತದೆ, ನನ್ನ ಹಿಂಡೊಂದೇ ತಿಂದರೆ ಮಳೆಯ ತನಕ ಸಾಲುತ್ತದೆ ಎಂದು ಕುರಿಗಾಹಿ ಯೋಚಿಸಿದ. ಹಿಂದೆ ಯಾರೋ ದೊಡ್ಡವರು ತಮ್ಮ ಆಯುಧಗಳನ್ನು ಹೆಣದ ಹಾಗೆ ಸುತ್ತಿ ಬನ್ನಿಮರಕ್ಕೆ ಕಟ್ಟಿ, ಇದು ನಮ್ಮ ತಾಯಿಯ ಹೆಣ ಎಂದು ಹೇಳಿ ಕಾಪಾಡಿಕೊಂಡರೆಂಬುದನ್ನು ಅವನೂ ಕೇಳಿದ್ದ. ದೊಡ್ಡವರು ಮಾಡಿದ್ದು ನಮಗೇಕೆ ಬೇಡ? ನಗಬೇಡ ಮರುಳಯ್ಯ. ಹೊಟ್ಟೆಗೆ ಬೆಂಕಿ ಬಿದ್ದಾಗ ಎಲ್ಲರಿಗೂ ಶಾಸ್ತ್ರ ಜ್ಞಾಪಕಕ್ಕೆ ಬರುತ್ತದೆ.

ಅವನು ತಾಯಿಗೆ ಹೇಳಿದ. ಮುದುಕಿ ನಕ್ಕಳು. "ಆತಪ್ಪ. ಕುರಿ ಉಳಿದ್ರ ಸಾಕು. ನಾಕು ದಿನ ಸತ್ತಾಕಿ ಆದ್ರ ನಂದೇನು ಹೋಗತೈತಿ?" ಎಂದಳು. ತಾನು ಉಡುತ್ತಿದ್ದ ಸೀರೆಗಳಲ್ಲಿ ಒಂದನ್ನು ತಾನೇ ತೆಗೆದುಕೊಟ್ಟಳು.

ಕುರಿಗಾಹಿ ಜೋಳದ ದಂಟನ್ನು ಆಳುದ್ದಕ್ಕೆ ಜೋಡಿಸಿದ. ವಾಸನೆ ಬರಲೆಂದು ಸತ್ತ ಕುರಿಮರಿಯೊಂದನ್ನು ನಡುವೆ ಇಟ್ಟ. ಸೀರೆಯಲ್ಲಿ ಸುತ್ತಿ, ಹಗ್ಗದಿಂದ ಬಿಗಿದು, ಬನ್ನಿಮರದ ಎತ್ತರದ ಕವಲಿಗೆ ಕಟ್ಟಿದ. ಊರ ಹಿರಿಯನ ಮುಂದೆ ಹೋಗಿ ಎದೆ ಬಡಿದುಕೊಂಡು ಅತ್ತ. "ನಮ್ಮವ್ವ ಹೋದಳು. ನಮ್ಮ ಮನೆತನದಾಗ ಸುಡೂದಿಲ್ಲ, ಹೂಳೂದಿಲ್ಲ, ಮರಕ್ಕ ಕಟ್ಟತೀವಿ. ಕಟ್ಟಿದ್ದನ್ನ ಇಳಿಸಬಾರದು. ಇಳಿಸಾಕ ಕೈ ಹಚ್ಚಿದವರ ಮನಿ ಉಳಿಯೂದಿಲ್ಲ" ಎಂದ. ಕೊನೆಯ ಮಾತನ್ನು ಅವನು ಮೊದಲೇ ಯೋಚಿಸಿರಲಿಲ್ಲ. ಹೆದರಿಕೆ ಗಟ್ಟಿಯಾಗಲಿ ಎಂದು ಬಾಯಿಗೆ ಬಂದದ್ದನ್ನು ಸೇರಿಸಿದ.

ಊರು ಹೆದರಿತು. ಬೇರೆ ಒಬ್ಬರೂ ದಿಬ್ಬದ ಕಡೆ ಹಿಂಡು ಹೊಡೆಯಲಿಲ್ಲ; ಅವ್ವನ ಕಾವಲಿಗೆಂದು ಹೇಳಿ ಕುರಿಗಾಹಿ ಮಾತ್ರ ಹೊಡೆದ. ಓಣಿಯ ಹೆಂಗಸರು ಅವನ ಬಾಗಿಲಲ್ಲಿ ಕೂತು ಹಾಡಿಕೊಂಡು ಅತ್ತರು. ಮುದುಕಿ ಒಳಕೋಣೆಯ ಮೂಲೆಯಲ್ಲಿ ಕಂಬಳಿ ಹೊದ್ದು, ಅಷ್ಟನ್ನೂ ಕೇಳಿಸಿಕೊಂಡಳು. ಅವರು ಎದ್ದುಹೋದ ಮೇಲೆ, "ಎಷ್ಟು ಚಂದ ಅತ್ತರೋ ಮಗನ! ನಾ ಬದುಕಿದ್ದಾಗ ಚಿಟಿಕಿ ಉಪ್ಪು ಕೊಡದಾಕಿ ಎಲ್ಲಾರಕಿಂತ ಜೋರಾಗಿ ಅತ್ತಳು" ಎಂದಳು. ಮಗನೂ ನಕ್ಕ. ನಕ್ಕು ಮುಗಿದ ಮೇಲೆ ಅವಳು 'ಬದುಕಿದ್ದಾಗ' ಎಂದದ್ದು ಅವನ ಕಿವಿಯಲ್ಲಿ ಉಳಿಯಿತು.

ಹೆಂಗಸರು ದಿಬ್ಬದ ಬುಡದ ಕಲ್ಲಿನ ಮೇಲೆ ಸತ್ತವಳಿಗೆಂದು ಎಡೆ ಇಡತೊಡಗಿದರು.

ಇಲ್ಲಿ ಮರುಳಯ್ಯನ ಬೆರಳು ತಪ್ಪಿ ಬತ್ತಿ ಹರಿಯಿತು. "ಇನ್ನೊಂದು ಹೊಸೆ" ಎಂದು ಗುರು ಮುಂದುವರಿಸಿದರು.

ಒಂದು ದಿನ ಮಗ ಅಂಬಲಿ ತಂದರೆ ತಾಯಿ ಬೇಡವೆಂದಳು. "ಹೊಟ್ಟಿ ತುಂಬೇತಿ. ಇವತ್ತ ಸಜ್ಜಿ ರೊಟ್ಟಿ, ಹುರಳಿಕಾಳ ಪಲ್ಯ ಇಟ್ಟಿದ್ದರು." ಕುರಿಗಾಹಿ ದಿಬ್ಬಕ್ಕೆ ಹೋಗಿ ನೋಡಿದ. ಕಲ್ಲಿನ ಮೇಲೆ ಸಜ್ಜೆ ರೊಟ್ಟಿಯ ಚೂರು ಬಿದ್ದಿತ್ತು. ನಾಯಿ ತಿಂದಿರಬೇಕು, ಅವ್ವ ಹೆಂಗಸರ ಮಾತು ಕೇಳಿಸಿಕೊಂಡಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಅಂದಿನಿಂದ ಅವಳು ಮನೆಯ ಅಂಬಲಿ ಮುಟ್ಟಲಿಲ್ಲ.

ಇನ್ನೊಂದು ದಿನ ಅವಳು, "ಗಾಳಿ ಬಾಳ ಐತಿ ಮಗನ. ತೂಗಾಡಿ ತಲಿ ತಿರಗತೈತಿ. ಹಗ್ಗ ಒಂದೀಟು ಬಿಗಿ ಮಾಡು" ಎಂದಳು. ಆ ಕೋಣೆಗೆ ಕಿಟಕಿಯಿರಲಿಲ್ಲ. ಮೂಲೆಯ ಜೇಡರ ಬಲೆ ಕೂಡ ಅಲುಗುತ್ತಿರಲಿಲ್ಲ. ಆದರೂ ಕುರಿಗಾಹಿ ತಾಯಿಯ ಮಾತು ತೆಗೆದುಹಾಕಲು ಮನಸ್ಸಾಗದೆ ಮರ ಹತ್ತಿ ಹಗ್ಗ ಬಿಗಿ ಮಾಡಿ ಬಂದ. "ಈಗ ಆರಾಮಾತು" ಎಂದಳು.

ಕುರಿಗಳೂ ಬದಲಾದವು. ಸಂಜೆ ಮನೆಗೆ ಬರುವಾಗ ಮೊದಲೆಲ್ಲ ಮುದುಕಿ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು, ಅವು ಓಡಿಬರುತ್ತಿದ್ದವು. ಈಗ ಅವು ದಿಬ್ಬದಿಂದ ಇಳಿಯಲೊಲ್ಲವು. ಮುಖವೆತ್ತಿ ಮರದ ಕವಲನ್ನು ನೋಡುತ್ತ, ಕರೆದವರಿಗೆ ಓಗೊಡುವಂತೆ ಅರಚುತ್ತಿದ್ದವು. ಹೊಡೆದು ಎಳೆದು ತರಬೇಕಾಗುತ್ತಿತ್ತು.

ಸಾಕು, ನಾಳೆ ಊರವರಿಗೆ ನಿಜ ಹೇಳಿ ಅವ್ವನನ್ನು ಹೊರಗೆ ಕರೆದುಕೊಂಡು ಬಂದುಬಿಡುತ್ತೇನೆ ಎಂದು ಕುರಿಗಾಹಿ ಎಷ್ಟೋ ಸಲ ಅಂದುಕೊಂಡ. ಅವನೇನು ಕೆಟ್ಟವನಲ್ಲ. ಆದರೆ ಮರದಲ್ಲಿ ಇನ್ನೂ ಕಾಯಿಯಿತ್ತು, ಕುರಿಗಳು ಗಬ್ಬವಾಗಿದ್ದವು. ಇನ್ನೊಂದು ವಾರ ತಡೆದರಾಯಿತು ಎಂದುಕೊಂಡ. ಆ ವಾರ ಕಳೆಯಿತು, ಮತ್ತೊಂದು ವಾರ ತಡೆದ. ಕೋಣೆಯಲ್ಲಿ ತಾಯಿಯ ದನಿ ದಿನದಿನಕ್ಕೆ ದೂರವಾಯಿತು. ಅವಳು ಮೂಲೆಯಲ್ಲೇ ಕೂತಿರುತ್ತಿದ್ದಳು, ಮಾತು ಮಾತ್ರ ಮೇಲಿನಿಂದ ಬರುತ್ತಿತ್ತು.

ಒಂದು ಮಧ್ಯಾಹ್ನ ಅವಳು, "ಮಗನ, ಮೂಡಲಕ್ಕ ಮಳಿ ಕಾಣತೈತಿ" ಎಂದಳು. ಅವನು ಹೊರಗೆ ಬಂದು ನೋಡಿದ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಹೊತ್ತು ಇಳಿಯುವ ಮೊದಲೇ ಮಳೆ ಬಂತು. ಎಂಥ ಮಳೆ! ಊರಿಗೆ ಊರೇ ನೆನೆಯಲೆಂದು ಬಯಲಿಗೆ ಬಂತು. ಕುರಿಗಾಹಿ ಕುಣಿಯುತ್ತ ಒಳಗೆ ಓಡಿದ. "ಅವ್ವಾ, ಮಳಿ ಬಂತು! ಇನ್ನ ಏಳು, ಹೊರಗ ಬಾ!" ಎಂದು ಕಂಬಳಿ ಎತ್ತಿದ.

ಕಂಬಳಿಯ ಕೆಳಗೆ ಜೋಳದ ದಂಟುಗಳಿದ್ದವು. ನಡುವೆ ಕುರಿಮರಿಯ ಎಲುಬುಗಳಿದ್ದವು.

ಅವನು ದಿಬ್ಬಕ್ಕೆ ಓಡಿದ. ಮುಳ್ಳು ತರಚಿದ್ದು ಗೊತ್ತಾಗಲಿಲ್ಲ. ಕವಲಿಗೆ ಹತ್ತಿ ಗಂಟಿಗೆ ಕೈ ಹಾಕಿದ. ಸೀರೆ ಅದೇ, ಹಗ್ಗ ಅದೇ. ಒಳಗಿನ ಭಾರ ಮಾತ್ರ ಅವನು ಕಟ್ಟಿದ್ದಲ್ಲ. ಅದು ಬೆಚ್ಚಗಿತ್ತು. ಮಳೆಗೆ ನೆಂದ ಹಗ್ಗ ಬಿಗಿದುಕೊಂಡು ಗಂಟು ಬಿಚ್ಚಲು ಬರಲಿಲ್ಲ. "ಅವ್ವ ಬದುಕ್ಯಾಳ! ಒಬ್ಬರರ ಬಂದು ಕೈ ಹಚ್ಚರಿ!" ಎಂದು, ತನ್ನ ಹಿಂದೆಯೇ ಓಡಿಬಂದು ಕೆಳಗೆ ನಿಂತಿದ್ದ ಊರವರನ್ನು ಕೂಗಿ ಕರೆದ. ಯಾರೂ ಮುಂದೆ ಬರಲಿಲ್ಲ. ಊರ ಹಿರಿಯ ಕಣ್ಣೊರೆಸಿಕೊಂಡು, "ತಮ್ಮಾ, ದುಃಖಕ್ಕ ಹಂಗ ಅನಸತೈತಿ. ಕೈ ಹಚ್ಚಿದವರ ಮನಿ ಉಳಿಯೂದಿಲ್ಲ ಅಂತ ಹೇಳಿದಾವ ನೀನ ಅಲ್ಲೇನು? ಇಳದು ಬಾ" ಎಂದ. ಒಬ್ಬೊಬ್ಬರಾಗಿ ಎಲ್ಲರೂ ಮನೆಯ ಕಡೆ ತಿರುಗಿದರು.

ಕುರಿಗಾಹಿ ಹಲ್ಲಿನಿಂದ ಹಗ್ಗ ಕಚ್ಚಿದ. ಆಗ ಗಂಟಿನೊಳಗಿನಿಂದ ದನಿ ಬಂತು.

"ಬಂದ್ಯಾ ಮಗನ? ಕುರಿ ಎಲ್ಲಾ ಉಳಿದುವೇನು?"

ಗುರು ಅಲ್ಲಿಗೆ ನಿಲ್ಲಿಸಿ, ಹೊಸೆದ ಬತ್ತಿಗಳನ್ನು ಜೋಡಿಸತೊಡಗಿದರು. ಮರುಳಯ್ಯನ ಕೈಯಲ್ಲಿ ಹತ್ತಿ ಹಾಗೆಯೇ ಇತ್ತು. ಊರಿನಿಂದ ತಾಯಿಯ ಸುದ್ದಿ ಬರದೆ ಎಷ್ಟು ಕಾಲವಾಯಿತೆಂದು ಅವನು ನೆನಪು ಮಾಡಿಕೊಳ್ಳಲು ನೋಡಿದ.

ಅಡುಗೆಮನೆಯಿಂದ ಅಡುಗೆಯವನು ಕೂಗಿದ: "ಮರುಳಯ್ಯಾ, ನಿಮ್ಮವ್ವನ ಎಲಿ ಹಾಕೀನಿ, ಎಡಿ ಇಡು ಬಾರಪ್ಪ!"

ಮರುಳಯ್ಯ ಏಳಲಿಲ್ಲ. "ಗುರುಗಳೇ, ಆಮೇಲೆ ಅವನು ತಾಯಿಯನ್ನು ಇಳಿಸಿದನೇ?" ಎಂದು ಪಿಸುದನಿಯಲ್ಲಿ ಕೇಳಿದ.

ಗುರು ತಲೆ ಎತ್ತದೆ ಹೇಳಿದರು: "ಇವತ್ತು ಎಡೆ ಬೇಡ ಮರುಳಯ್ಯ, ಊರಿಗೆ ಹೋಗಿ ನಿನ್ನ ತಾಯಿಯನ್ನು ಮರದಿಂದ ಇಳಿಸು."